ಕಲ್ಯದ ಕಲ್ಲಿನ ಮೇಲೊಂದು ತೀರ್ಪು

ಮಾಗಡಿಯ ನ್ಯಾಯಾಲಯದ ಮುಂದೆ ಬೆಳಗಿನ ಹೊತ್ತು ಸ್ವಲ್ಪ ನಿಂತರೆ ಸಾಕು, ನಮ್ಮ ತಾಲ್ಲೂಕು ಪಟ್ಟಣಗಳ ಕೋರ್ಟುಗಳಲ್ಲೆಲ್ಲ ಕೇಳಿಬರುವ ಮಾತುಗಳೇ ಇಲ್ಲೂ ಕಿವಿಗೆ ಬೀಳುತ್ತವೆ. ಅರ್ಜಿ, ದಾವೆ, ತಕರಾರು, ವಕೀಲರು, ಹಾಜರು, ನಕಲು, ರಾಜಿ, ಜಾಮೀನು. ಇವೆಲ್ಲ ಅರಬಿ ಮೂಲದ ಪದಗಳು. ಫಿರ್ಯಾದಿ ಎಂಬುದು ಫಾರಸಿಯಿಂದ ಬಂದದ್ದು. ಆದರೆ ರಾಗಿ ಹೊಲದ ಗಡಿ ಜಗಳಕ್ಕೆ ಬಂದ ರೈತನಿಗೆ ಇವು ಬೇರೆ ಭಾಷೆಯ ಮಾತುಗಳೆಂದು ಅನ್ನಿಸುವುದೇ ಇಲ್ಲ. ಶತಮಾನಗಳ ಬಳಕೆಯಲ್ಲಿ ಇವು ಅಪ್ಪಟ ಕನ್ನಡವಾಗಿವೆ.

ನಾವು ನಿಂತಿದ್ದಾಗ ಒಂದು ಕುಟುಂಬ ಜಾಮೀನುದಾರನಿಗಾಗಿ ಕಾಯುತ್ತಿತ್ತು. ಒಪ್ಪಿಕೊಂಡಿದ್ದ ಮನುಷ್ಯ ಇನ್ನೂ ಬಂದಿರಲಿಲ್ಲ. ಹೆಂಗಸರು ಮತ್ತೆ ಮತ್ತೆ ರಸ್ತೆಯ ಕಡೆ ನೋಡುತ್ತಿದ್ದರು. ಇನ್ನೊಬ್ಬನ ನಡತೆಗೆ ತಾನು ಹೊಣೆ ಎಂದು ಸಹಿ ಹಾಕುವುದು ಸಣ್ಣ ವಿಷಯವಲ್ಲ. ಆ ಹೊಣೆ ಹೊರಲು ಯಾರೂ ಮುಂದೆ ಬಾರದಿದ್ದರೆ ಎಷ್ಟು ಒಳ್ಳೆಯ ಆದೇಶವೂ ಕಾಗದದ ಮೇಲೇ ಉಳಿಯುತ್ತದೆ.

ನಾವು ಮಾಗಡಿಗೆ ಬಂದದ್ದು ಈ ನ್ಯಾಯಾಲಯ ನೋಡುವುದಕ್ಕಲ್ಲ. 650 ವರ್ಷಗಳಿಗೂ ಹಿಂದೆ ಹೊರಬಿದ್ದ ಒಂದು ತೀರ್ಪಿನ ಜಾಡು ಹಿಡಿದು ಬಂದಿದ್ದೆವು. ಆ ಮೊಕದ್ದಮೆ ನಡೆದ ಕಟ್ಟಡ ಇಂದು ಎಲ್ಲೂ ಇಲ್ಲ, ತೀರ್ಪು ಮಾತ್ರ ಕಲ್ಲಿನ ಮೇಲೆ ಉಳಿದಿದೆ. ಅದರ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ. ಇನ್ನೊಂದು ಪ್ರತಿ ದೊರೆತದ್ದು ಮಾಗಡಿ ತಾಲ್ಲೂಕಿನ ಕಲ್ಯ ಎಂಬ ಹಳ್ಳಿಯಲ್ಲಿ.

ಬೆಂಗಳೂರಿನಿಂದ ಮಾಗಡಿಗೆ ಸುಮಾರು 50 ಕಿ.ಮೀ. ದಾರಿ. ಮಾಗಡಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕೆಂಪೇಗೌಡರ ಕೋಟೆ, ಸೋಮೇಶ್ವರ ದೇವಾಲಯ, ತಿರುಮಲೆಯ ರಂಗನಾಥಸ್ವಾಮಿ ಗುಡಿ, ಚಳಿಗಾಲ ಬಂತೆಂದರೆ ಮಾಗಡಿ ಅವರೆಕಾಯಿ. ಪಟ್ಟಣದಲ್ಲಿ ಕಲ್ಯಾಗೇಟ್ ಎಂಬ ಸ್ಥಳವೇ ಇದೆ. ಬಸ್ಸಿಗಾಗಿ ಅಲ್ಲಿ ದಿನವೂ ನಿಲ್ಲುವ ಎಷ್ಟು ಮಂದಿ ಆ ಹೆಸರಿನ ಹಿಂದಿರುವ ಊರಿನ ಚರಿತ್ರೆಯನ್ನು ಯೋಚಿಸಿರಬಹುದು?

ಕಲ್ಯ ಇಂದು ಕಲ್ಲುಬೆಟ್ಟದ ಪಕ್ಕದ ಒಂದು ಹಳ್ಳಿ. ಶಾಸನದ ಭಾಷೆಯಲ್ಲಿ ಅದು ‘ಕಲ್ಲೆಹ’. ಬರಿಯ ಕಲ್ಲೆಹವಲ್ಲ, ಕಲ್ಲೆಹದ ಪಟ್ಟಣ. ಆನೆಗೊಂದಿ, ಪೆನುಗೊಂಡೆಗಳಂಥ ರಾಜಧಾನಿ ಮಟ್ಟದ ಊರುಗಳ ಸಾಲಿನಲ್ಲಿ ಶಾಸನ ಅದರ ಹೆಸರು ಹೇಳುತ್ತದೆ. ಶೆಟ್ಟರು ವ್ಯಾಪಾರ ಮಾಡುತ್ತಿದ್ದ, ಜೈನರು ಗಣನೀಯವಾಗಿದ್ದ ಊರು ಅದು. ವೀರಶೈವ ಪರಂಪರೆಗೂ ಅದು ಪೂಜ್ಯ ಸ್ಥಳ. ತೆಲುಗಿನಲ್ಲಿ ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥ ಐಕ್ಯನಾದದ್ದು ಇಲ್ಲಿಯೇ ಎಂಬ ಪ್ರತೀತಿಯಿದೆ.

ಊರಿನಲ್ಲಿ ಒಬ್ಬ ಹಿರಿಯರು ನಮ್ಮನ್ನು ನೋಡಿ, “ಶಾಸನದ ವಿಚಾರಕ್ಕೆ ಬಂದ್ರಾ ಸ್ವಾಮಿ?” ಎಂದು ಕೇಳಿದರು. ಹೌದೆಂದೆವು. “ಅದೇನೋ ಜಗಳ ಬಿಡಿಸಿದ್ದಂತಲ್ಲ. ಜಗಳ ನಾವೂ ಬಿಡಿಸ್ತೀವಿ, ಪಂಚಾಯ್ತಿ ಕಟ್ಟೇಲಿ. ಆದ್ರೆ ನಾವು ಬರೆದಿಡಕ್ಕಿಲ್ಲ. ಅದಕ್ಕೇ ಅದೇ ಜಗಳ ತಿರುಗ ಬತ್ತದೆ” ಎಂದರು. ಕಲ್ಯದ ಶಾಸನದ ಬಗ್ಗೆ ನಾವು ಓದಿದ್ದ ಬರಹಗಳಲ್ಲಿ ಇಷ್ಟು ಚಿಕ್ಕದಾಗಿ ವಿಷಯದ ತಿರುಳು ಹೇಳಿದ್ದನ್ನು ನಾವು ಕಂಡಿರಲಿಲ್ಲ.

ಜಗಳ ಯಾವುದು?

ಕ್ರಿ.ಶ. 1368. ಶಕವರ್ಷ 1290, ಕೀಲಕ ಸಂವತ್ಸರದ ಭಾದ್ರಪದ ಮಾಸ. ವಿಜಯನಗರ ಸ್ಥಾಪನೆಯಾಗಿ ಮೂರು ದಶಕ ಕಳೆದಿತ್ತು. ಮೊದಲನೆಯ ಬುಕ್ಕರಾಯ ಆಳುತ್ತಿದ್ದ. ಜೈನರಿಗೂ ‘ಭಕ್ತ’ರಿಗೂ, ಎಂದರೆ ಶ್ರೀವೈಷ್ಣವರಿಗೂ, ವ್ಯಾಜ್ಯ ಬಂತು.  

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹದ ಪಟ್ಟಣಗಳೇ ಮೊದಲಾದ ನಾಡುಗಳ ಜೈನರು ಒಟ್ಟಾಗಿ ದೊರೆಯ ಬಳಿಗೆ ಹೋದರು. ಭಕ್ತರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ‘ಬಿನ್ನಹ’ ಮಾಡಿಕೊಂಡರು. ಇಂದಿನ ಅರ್ಜಿಯೇ ಅಂದಿನ ಬಿನ್ನಹ. ತೀರ್ಪನ್ನು ಓದಿದರೆ ತಕರಾರು ಯಾವುದರ ಮೇಲೆಂದು ತಿಳಿಯುತ್ತದೆ. ಪಂಚಮಹಾವಾದ್ಯ ಮತ್ತು ಕಳಶ. ಯಾರ ದೇವರ ಮುಂದೆ ಯಾವ ವಾದ್ಯ ನುಡಿಯಬಹುದು, ಯಾರಿಗೆ ಕಳಶದ ಗೌರವ ಉಂಟು ಎಂಬ ಪ್ರಶ್ನೆ. ಮೋಕ್ಷ ಯಾವ ದಾರಿಯಲ್ಲಿದೆ ಎಂಬ ವಾದ ಅಲ್ಲಿರಲಿಲ್ಲ. ಅದು ಬೀದಿಯ ಜಗಳ, ಮರ್ಯಾದೆಯ ಜಗಳ. ನಮ್ಮ ಊರುಗಳಲ್ಲಿ ಇಂದಿಗೂ ಹೊತ್ತಿಕೊಳ್ಳುವ ಬಹಳಷ್ಟು ಗಲಭೆಗಳ ಬೇರು ಮೆರವಣಿಗೆ, ವಾದ್ಯ, ಬಾವುಟ, ದಾರಿ ಇವುಗಳಲ್ಲೇ ಇರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೈನರು ಈ ನಾಡಿಗೆ ಹೊಸಬರೇನೂ ಆಗಿರಲಿಲ್ಲ. ಗಂಗರ ಕಾಲದಲ್ಲಿ, ಹೊಯ್ಸಳರ ಮೊದಲ ದಿನಗಳಲ್ಲಿ ಅವರು ಅರಮನೆಗೆ ಹತ್ತಿರದವರು. ಕನ್ನಡದ ಆದಿಕಾಲದ ದೊಡ್ಡ ಕವಿಗಳಲ್ಲಿ ಹೆಚ್ಚಿನವರು ಅವರೇ. ಕಾಲ ತಿರುಗಿ, ಒಂದು ಕಾಲಕ್ಕೆ ಬಲಿಷ್ಠರಾಗಿದ್ದವರು ತಮ್ಮ ಹಳೆಯ ಹಕ್ಕು ಉಳಿಸಿಕೊಳ್ಳಲು ಬಿನ್ನಹ ಹಿಡಿದು ನಿಲ್ಲಬೇಕಾಯಿತು.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಎದುರು ಕಕ್ಷಿಯಲ್ಲಿದ್ದ ಶ್ರೀವೈಷ್ಣವರೂ ಆಗ ಗಾಯಗೊಂಡ ಸಮುದಾಯವೇ. 1323ರಲ್ಲಿ ದೆಹಲಿ ಸುಲ್ತಾನರ ಸೇನೆ ಶ್ರೀರಂಗದ ಮೇಲೆ ಬಿದ್ದಾಗ ಅಲ್ಲಿನ ಉತ್ಸವಮೂರ್ತಿಯನ್ನು ಹೊತ್ತು ಊರೂರು ಅಲೆದವರು ಅವರು. ಮೂರ್ತಿ ಶ್ರೀರಂಗಕ್ಕೆ ಮರಳಿದ್ದು 1371ರಲ್ಲಿ, ಈ ತೀರ್ಪಿನ ಮೂರು ವರ್ಷಗಳ ನಂತರ. ಒಂದೂರಿನಲ್ಲಿ ಪೆಟ್ಟು ತಿಂದವರು ಇನ್ನೊಂದೂರಿನಲ್ಲಿ ಪೆಟ್ಟು ಕೊಡುವವರಾಗಬಹುದು. ಇದು ಯಾವ ಧರ್ಮದವರಿಗೂ ತಪ್ಪಿದ್ದಲ್ಲ. ‘ನಮಗೆ ಅನ್ಯಾಯವಾಗಿದೆ’ ಎಂಬ ನೆನಪು ಒಬ್ಬನನ್ನು ನ್ಯಾಯವಂತನನ್ನಾಗಿ ಮಾಡೀತು, ಕ್ರೂರಿಯನ್ನಾಗಿಯೂ ಮಾಡೀತು.

ತೀರ್ಪು

ಬುಕ್ಕರಾಯ ಏನು ಮಾಡಿದ? ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದ. ಜೈನರಿಗೆ ಪೂರ್ವದ ಮರ್ಯಾದೆಯಂತೆ ಪಂಚಮಹಾವಾದ್ಯವೂ ಕಳಶವೂ ಸಲ್ಲುತ್ತದೆ ಎಂದು ವಿಧಿಸಿದ. ಭಕ್ತರ ಕಾರಣದಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮ ದರ್ಶನಕ್ಕೇ ಆದ ಹಾನಿ, ವೃದ್ಧಿ ಎಂದು ತಿಳಿಯಬೇಕು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನೆಡಿಸಬೇಕು. ಸೂರ್ಯ ಚಂದ್ರರು ಇರುವವರೆಗೆ ವೈಷ್ಣವ ಸಮಯವು ಜೈನ ದರ್ಶನವನ್ನು ಕಾಪಾಡಿಕೊಂಡು ಬರಬೇಕು.

ಈ ಶಾಸನವನ್ನು ಕುರಿತ ಭಾಷಣಗಳಲ್ಲಿ ‘ಭೇದವಿಲ್ಲ’ ಎಂಬ ಮಾತನ್ನೇ ಎತ್ತಿ ಹೇಳುತ್ತಾರೆ. ಅದು ಸುಂದರವಾದ ಮಾತು, ನಿಜ. ಆದರೆ ‘ಎಲ್ಲ ಧರ್ಮಗಳೂ ಒಂದೇ’ ಎಂದು ವೇದಿಕೆಯ ಮೇಲೆ ಹೇಳಿ, ಕೆಳಗಿಳಿದ ಮೇಲೆ ಮರೆಯುವುದು ಸುಲಭ. ಬುಕ್ಕರಾಯನ ತೀರ್ಪಿನ ಬಲ ಅಲ್ಲಿಲ್ಲ, ಆ ನಂತರದ ಮಾತಿನಲ್ಲಿದೆ. ಬಡವಾದ ಕಕ್ಷಿಯನ್ನು ಕರೆದು ‘ನೀವು ಸ್ವಲ್ಪ ತಗ್ಗಿ ನಡೆಯಿರಿ’ ಎಂದು ಅವನು ಬುದ್ಧಿ ಹೇಳಲಿಲ್ಲ. ಬಲವಾದ ಕಕ್ಷಿಯನ್ನು ಕರೆದು ಜಾಮೀನು ಪಡೆದ. ಜೈನರಿಗೆ ಆಗುವ ಹಾನಿಗೆ ಇನ್ನು ಮುಂದೆ ನೀವು ಹೊಣೆ ಎಂದ. ಯಾರ ಮೇಲೆ ದೂರು ಬಂದಿತ್ತೋ ಅವರಿಂದಲೇ ಕಲ್ಲು ನೆಡಿಸಿದ.

ಇದೇ ಶಾಸನದಲ್ಲಿ ಬುಕ್ಕರಾಯನಿಗಿರುವ ಒಂದು ಬಿರುದು ‘ಭಾಷೆಗೆ ತಪ್ಪುವ ರಾಯರ ಗಂಡ’. ಕೊಟ್ಟ ಮಾತಿಗೆ ತಪ್ಪುವ ದೊರೆಗಳನ್ನು ಶಿಕ್ಷಿಸುವವನು ಎಂದರ್ಥ. ಬಿರುದುಗಳು ಎಲ್ಲ ಅರಸರಿಗೂ ಇದ್ದವು. ಆದರೆ ಎರಡು ಸಮುದಾಯಗಳ ನಡುವೆ ಮಾತು ತೆಗೆದುಕೊಂಡ ಸಂದರ್ಭದಲ್ಲಿ ಈ ಬಿರುದಿಗೆ ತಕ್ಕ ಅರ್ಥ ಬಂದಿದೆ.

ಆ ಸಭೆಯಲ್ಲಿ ಯಾರು ಯಾರಿದ್ದರು ಎಂಬುದೂ ಮುಖ್ಯ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು, ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನು ಶಾಸನ ಹೆಸರಿಸುತ್ತದೆ. ಅಲ್ಲಿಗೇ ನಿಲ್ಲದೆ ತಿರುಕುಲದವರನ್ನೂ ಜಾಂಬವಕುಲದವರನ್ನೂ ಸೇರಿಸುತ್ತದೆ. ಇವರು ಇಂದಿನ ಹೊಲೆಯ ಮತ್ತು ಮಾದಿಗ ಸಮುದಾಯಗಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಮಠದಲ್ಲಿ ಕುಳಿತ ನಾಲ್ಕು ಜನ ಹಿರಿಯರು ಒಪ್ಪಿದರೆ ಸಾಲದು, ಬೀದಿಯಲ್ಲಿ ಉತ್ಸವಕ್ಕೆ ಹೆಗಲು ಕೊಡುವ ಜನವೂ ಒಪ್ಪಬೇಕು ಎಂಬ ತಿಳಿವಳಿಕೆ ಅಂದಿನವರಿಗಿತ್ತು. ಗಲಭೆಯಾದ ಊರಿನಲ್ಲಿ ಪೊಲೀಸ್ ಠಾಣೆಗೆ ಎರಡೂ ಕಡೆಯ ಮುಖಂಡರನ್ನು ಕರೆಸಿ, ಚಹ ಕುಡಿಸಿ, ಫೋಟೋ ತೆಗೆಸಿ ಕಳಿಸುವ ಶಾಂತಿಸಭೆಗಳನ್ನು ಕಂಡಿರುವ ನಾವು ಈ ಪಟ್ಟಿಯನ್ನು ಗಮನವಿಟ್ಟು ಓದಬೇಕು.

ಒಂದು ಹಣದ ಲೆಕ್ಕ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇತಿಹಾಸಕ್ಕೆ ಮೋಸ ಮಾಡಿದಂತಾಗುತ್ತದೆ. ಶಾಸನದಲ್ಲಿ ಖರ್ಚಿನ ಬಾಬ್ತೂ ಇದೆ. ರಾಜ್ಯದಲ್ಲಿರುವ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ದುಡ್ಡಿನಲ್ಲಿ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ಮೀರಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು.

ಗೊಮ್ಮಟನ ಬೆಳಗೊಳಕ್ಕೆ ವೈಷ್ಣವ ಆಚಾರ್ಯರು ನೇಮಿಸಿದ ಕಾವಲುಗಾರರು! ಈ ಚಿತ್ರ ನಮ್ಮ ಮನಸ್ಸಿಗೆ ಹಿತವಾಗಿದೆ. ಆದರೆ ಕಾವಲಿನ ಸಂಬಳ ಕೊಟ್ಟವರು ಯಾರು? ಅನ್ಯಾಯಕ್ಕೆ ಒಳಗಾದವರೇ. ತಮ್ಮ ರಕ್ಷಣೆಗೆ ತಾವೇ ತೆರಬೇಕಾದ ಸ್ಥಿತಿ ಸಮಾನರ ಸ್ಥಿತಿಯಲ್ಲ. ಮುಸ್ಲಿಂ ಅರಸರು ಮುಸ್ಲಿಮೇತರ ಪ್ರಜೆಗಳಿಂದ ಪಡೆದ ಜಿಝಿಯಾವನ್ನು ಟೀಕಿಸುವವರು ಈ ಒಂದು ಹಣವನ್ನೂ ನೋಡಬೇಕು. ಬುಕ್ಕರಾಯನ ಈ ಏರ್ಪಾಡನ್ನು ಪ್ರಶ್ನಿಸುವವರು ಜಿಝಿಯಾವನ್ನೂ ಅದೇ ಕಣ್ಣಿನಿಂದ ನೋಡಬೇಕು. ಎರಡೂ ಒಂದೇ ಅಲ್ಲ. ಇಲ್ಲಿ ಹಣ ಬೊಕ್ಕಸಕ್ಕೆ ಹೋಗದೆ ಕೊಟ್ಟವರ ಬಸದಿಗಳಿಗೇ ಹೋಗಬೇಕೆಂದು ಬರೆದಿದೆ. ಆದರೂ ಕಾಪಾಡುವವರು, ಕಾಪಾಡಿಸಿಕೊಳ್ಳುವವರು ಎಂಬ ಭೇದ ಎರಡರಲ್ಲೂ ಇದೆ.

ಬೆಳಗೊಳದ ಪ್ರತಿಯ ಮೊದಲಲ್ಲೇ ಬರುವ ಶ್ಲೋಕ ರಾಮಾನುಜಾಚಾರ್ಯರ ಸ್ತುತಿ. ಪಾಷಂಡಿಗಳೆಂಬ ಸಾಗರಕ್ಕೆ ಅವರು ಬಡಬಾಗ್ನಿ ಎಂದು ಅದು ಹೊಗಳುತ್ತದೆ. ವೈದಿಕರ ಮಾತಿನಲ್ಲಿ ಪಾಷಂಡಿಗಳೆಂದರೆ ಜೈನರೂ ಸೇರುತ್ತಾರೆ. ಜೈನರಿಗೆ ಅಭಯ ಕೊಡುವ ಕಲ್ಲಿನ ನೆತ್ತಿಯ ಮೇಲೆ ಈ ಶ್ಲೋಕವಿದೆ. ಯಾರೂ ತಮ್ಮ ನಂಬಿಕೆ ಬಿಟ್ಟುಕೊಟ್ಟು ರಾಜಿಯಾಗಲಿಲ್ಲ ಎಂದಾಯಿತು. ಒಬ್ಬರ ದಾರಿ ಇನ್ನೊಬ್ಬರಿಗೆ ಒಪ್ಪಿಗೆಯಾಗದಿದ್ದರೂ ಒಂದೇ ಬೀದಿಯಲ್ಲಿ ಬಾಳುವುದಕ್ಕೆ ಮಾತು ಕೊಡಬಹುದು. ನಮಗೆ ಇದು ಹೆಚ್ಚು ನಂಬಲರ್ಹವಾದ ಸೌಹಾರ್ದ ಎನಿಸುತ್ತದೆ.

ಕಲ್ಯದ ಶೆಟ್ಟಿ

ಬೆಳಗೊಳದ ಶಾಸನದ ಕೊನೆಯಲ್ಲಿ ಕೆಲವು ಸಾಲುಗಳು ಆಮೇಲೆ ಸೇರಿದಂತಿವೆ. ನಮ್ಮನ್ನು ಕಲ್ಯಕ್ಕೆ ಎಳೆದು ತಂದದ್ದು ಈ ಸಾಲುಗಳೇ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಕರೆಯಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯಗಳವರು ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟ ಕಟ್ಟಿದರು.

ಈ ಕೆಲವೇ ಸಾಲುಗಳಲ್ಲಿ ಎಷ್ಟು ಕಥೆ ಅಡಗಿದೆ! ಅರಸ ಆಜ್ಞೆ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗಿರಲಿಲ್ಲ. ತೀರ್ಪಿಗೂ ರಿಪೇರಿ ಬೇಕಾಯಿತು. ಆಗ ಮುಂದೆ ಬಂದವನು ಮಂತ್ರಿಯಲ್ಲ, ದಂಡನಾಯಕನಲ್ಲ, ಕಲ್ಯದ ಒಬ್ಬ ಶೆಟ್ಟಿ. ಅವನು ತನ್ನವರನ್ನಷ್ಟೇ ಕೂಡಿಸಿಕೊಂಡು ಎದುರು ಕಕ್ಷಿಯ ಮೇಲೆ ಹೋಗಲಿಲ್ಲ. ಎದುರು ಕಕ್ಷಿಯ ಗುರುವನ್ನೇ ಕರೆಯಿಸಿ, ಕೊಟ್ಟ ಮಾತು ನೆನಪಿಸಿದ. ಪಟ್ಟ ಕಟ್ಟಿದವರು ಇಬ್ಬರೂ ಸೇರಿ. ಒಂದು ಕಡೆಯವರು ಹಾರ ಹಾಕಿದರೆ ಅವನು ಆ ಕಡೆಯ ಮುಖಂಡ, ಅಷ್ಟೆ. ಎರಡೂ ಕಡೆಯವರು ಹಾರ ಹಾಕಿದರೆ ಅವನು ಊರಿನ ಮನುಷ್ಯ.

ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಈ ಶಾಸನಗಳನ್ನು ಪ್ರಕಟಿಸಿದರು. ಶ್ರವಣಬೆಳಗೊಳದ ಸಂಪುಟ ಮೊದಲು ಹೊರಬಂದದ್ದು 1889ರಲ್ಲಿ, ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಒಂಬತ್ತನೆಯ ಸಂಪುಟ 1905ರಲ್ಲಿ. ಅದರಲ್ಲಿ ಮಾಗಡಿ ತಾಲ್ಲೂಕಿನ 18ನೆಯ ಶಾಸನವೇ ಕಲ್ಯದ್ದು. ಹೀಗೆ ಅಚ್ಚಾಗದಿದ್ದರೆ ಬುಸುವಿಸೆಟ್ಟಿಯ ಹೆಸರು ನಮಗೆ ತಿಳಿಯುತ್ತಲೇ ಇರಲಿಲ್ಲವೇನೋ.

ಮಾತು ಉಳಿಯಿತೇ?

ಆ ಕಾಲವೇ ಸುವರ್ಣಯುಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ತೀರ್ಪಿನ ಮರುವರ್ಷ, 1369ರಲ್ಲಿ, ಭೀಮಕವಿ ಕನ್ನಡದಲ್ಲಿ ಬಸವಪುರಾಣ ಬರೆದ. ಭಕ್ತಿಯ ಮಹಾಕಾವ್ಯವಾದ ಅದರಲ್ಲಿ ಜೈನರನ್ನು ಸೋಲಿಸುವ ಕಥೆಗಳೂ ಇವೆ. ಸಮಯಗಳ ನಡುವಿನ ಬಿಸಿ ಆರಿರಲಿಲ್ಲ.

ಆದರೆ ಇನ್ನೊಂದು ಸಾಲೂ ಬೆಳೆಯಿತು. 1385ರಲ್ಲಿ ಜೈನ ದಂಡನಾಯಕ ಇರುಗಪ್ಪ ವಿಜಯನಗರದಲ್ಲೇ ಕುಂಥು ಜಿನಾಲಯ ಕಟ್ಟಿಸಿದ. ಹಂಪಿಗೆ ಹೋದವರು ‘ಗಾಣಿಗಿತ್ತಿ ಗುಡಿ’ ಎಂದು ನೋಡಿಬರುವುದು ಅದನ್ನೇ. 1439ರಲ್ಲಿ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಅದೇ ನಗರದಲ್ಲಿ ಮಸೀದಿ ಕಟ್ಟಿಸಿ, ತನ್ನ ಒಡೆಯನಿಗೆ ಪುಣ್ಯವಾಗಲೆಂದು ಕನ್ನಡದಲ್ಲಿ ಶಾಸನ ಹಾಕಿಸಿದ. ಶಾಸನ ಆ ಕಟ್ಟಡವನ್ನು ‘ಧರ್ಮಶಾಲೆ’ ಎನ್ನುತ್ತದೆ.

1638ರಲ್ಲಿ ಹಳೇಬೀಡಿನಲ್ಲಿ ಬಸದಿಯ ಕಂಬಗಳ ಮೇಲೆ ಒಬ್ಬರು ಲಿಂಗಮುದ್ರೆ ಒತ್ತಿದರು. ಜೈನನೊಬ್ಬ ಅದನ್ನು ಅಳಿಸಿದ. ಜಗಳ ದೊಡ್ಡದಾಗುವ ಮುಂಚೆ ವೀರಶೈವ ಹಿರಿಯರೂ ಜೈನರೂ ಕೂಡಿ ಇತ್ಯರ್ಥ ಮಾಡಿಕೊಂಡರು. ಮೊದಲು ವಿಭೂತಿ ವೀಳ್ಯ ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆ ಉತ್ಸವಗಳನ್ನು ನಡೆಸಬೇಕು. ಅದಕ್ಕೆ ಅಡ್ಡಿ ಮಾಡುವವನು ಶಿವದ್ರೋಹಿ ಎಂದು ವೀರಶೈವರೇ ಬರೆದುಕೊಟ್ಟರು. ಇಲ್ಲಿಯೂ ಬಡವಾದ ಕಕ್ಷಿ ಏನನ್ನೋ ತೆತ್ತಿದೆ. ಆದರೆ ಬಲವಾದ ಕಕ್ಷಿ ತನ್ನವರಿಗೆ ತಾನೇ ಜಾಮೀನು ನಿಂತಿದೆ. ಕಲ್ಯದ ಪಾಠವನ್ನು 270 ವರ್ಷಗಳ ನಂತರ ಬೇರೆ ಜನ, ಬೇರೆ ಊರಿನಲ್ಲಿ, ಯಾವ ದೊಡ್ಡ ಅರಸನಿಗೂ ಕಾಯದೆ ತಾವಾಗಿಯೇ ಪಾಲಿಸಿದಂತಿದೆ.

ಕಲ್ಯದಿಂದ ಹಿಂದಿರುಗುವಾಗ ಸಾವನದುರ್ಗದ ದಾರಿ ಹಿಡಿದೆವು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕೈಯಿಂದ ಕಿತ್ತುಕೊಂಡ ದುರ್ಗ ಅದು. ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿಯರ ಗುಡಿಗಳಿವೆ, ಸೈಯದ್ ಗುಲಾಂ ಖಾದ್ರಿ ಅವರ ದರ್ಗಾ ಇದೆ. ಶೈವ, ವೈಷ್ಣವ, ಸೂಫಿ ಮೂವರಿಗೂ ಒಂದೇ ಬಂಡೆಯ ನೆರಳು. ಚನ್ನಪಟ್ಟಣಕ್ಕೆ ಹೋದರೆ ಟಿಪ್ಪುವಿನ ಗುರುಗಳೆಂದು ಹೇಳಲಾಗುವ ಅಖಿಲ್ ಷಾ ಖಾದ್ರಿ ಅವರ ಗೋರಿ, ರಾಮನಗರದಲ್ಲಿ ಪೀರನ್ ಷಾ ವಲಿ ಅವರ ದರ್ಗಾ. ಅದೇ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತರುವ ಒಕ್ಕಲಿಗ ರೈತನಿಗೂ ನೂಲು ಬಿಚ್ಚಿಸುವ ಮುಸ್ಲಿಂ ರೀಲರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುವುದಿಲ್ಲ.

ಈ ಸೀಮೆಯ ಆಡಳಿತದ ಹೆಸರುಗಳು ಬದಲಾಗುತ್ತಲೇ ಬಂದಿವೆ. ರಾಮನಗರ ಒಮ್ಮೆ ಶಂಶೇರಾಬಾದ್ ಆಗಿತ್ತು, ಆಮೇಲೆ ಕ್ಲೋಸ್‌ಪೇಟೆ. 2007ರಲ್ಲಿ ಅದು ಜಿಲ್ಲೆಯಾಯಿತು. ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಕಲ್ಲೆಹ ಮಾತ್ರ ಕಲ್ಯವಾಗಿ ಉಳಿದುಕೊಂಡಿದೆ.

1950ರಿಂದ ನಮಗೊಂದು ಸಂವಿಧಾನವಿದೆ. ಅದರ ಮುಂದೆ ಯಾರೂ ಯಾರ ಆಶ್ರಿತರಲ್ಲ. ತನ್ನ ಧರ್ಮವನ್ನು ಪಾಲಿಸಲು ಯಾವ ಪ್ರಜೆಯೂ ಮನೆಗೊಂದು ಹಣ ಕಟ್ಟಬೇಕಾಗಿಲ್ಲ, ಯಾರ ಕೈಗೂ ತನ್ನ ಕೈ ಒಪ್ಪಿಸಬೇಕಾಗಿಲ್ಲ. ಬುಕ್ಕರಾಯ ದಯೆಯಿಂದ ಕೊಟ್ಟದ್ದು ಇಂದು ಹಕ್ಕಾಗಿದೆ. ಈ ದೂರವನ್ನು ನಾವು ಕ್ರಮಿಸಿದ್ದೇವೆ, ಅದು ಸಣ್ಣದಲ್ಲ. ಆದರೆ ಹಕ್ಕು ಬರೆದಿಟ್ಟ ಪುಸ್ತಕ ಊರಿನ ಬೀದಿಯಲ್ಲಿ ತಾನಾಗಿ ಎದ್ದು ನಿಲ್ಲುವುದಿಲ್ಲ. ಮೆರವಣಿಗೆಯ ದಿನ, ಕಲ್ಲು ಎತ್ತಿದ ತನ್ನದೇ ಹುಡುಗನ ಕೈ ಹಿಡಿದು ‘ಇದಕ್ಕೆ ನಾನು ಹೊಣೆ’ ಎನ್ನುವ ಒಬ್ಬ ಹಿರಿಯ ಪ್ರತಿಯೊಂದು ಸಮುದಾಯದಲ್ಲೂ ಬೇಕು. ನಾವು ಹೆಚ್ಚು ಸಂಖ್ಯೆಯಲ್ಲಿರುವ ಊರಿನಲ್ಲಿ ಈ ಮಾತು ನಮಗೆ. ಅವರು ಹೆಚ್ಚಿರುವ ಊರಿನಲ್ಲಿ ಅವರಿಗೆ.

ಸಂಜೆ ಮಾಗಡಿಗೆ ಮರಳಿದಾಗ ನ್ಯಾಯಾಲಯದ ಗೇಟು ಮುಚ್ಚಿತ್ತು. ಬೆಳಿಗ್ಗೆ ಕಾಯುತ್ತಿದ್ದ ಆ ಕುಟುಂಬ ಅಲ್ಲಿರಲಿಲ್ಲ. ಜಾಮೀನುದಾರ ಬಂದಿರಬೇಕು, ಬಂದಿರಲಿ ಎಂದುಕೊಂಡು ನಾವು ಬಸ್ಸು ಹತ್ತಿದೆವು.